ನಾಲ್ಕಾಣೆ ಗೇಟಿಗೆ ಒಬ್ಬ ಆಳು

೩ ಸೆಪ್ಟೆಂಬರ್ ೧೯೫೫, ಶನಿವಾರ

ಕೆಂಪಯ್ಯ ಕೆಲಸ ಬಿಡುತ್ತಾನಂತೆ. ಮ್ಯಾಟಿನಿ ಬಿಟ್ಟ ಮೇಲೆ ನನ್ನ ಕೋಣೆಗೆ ಬಂದು, ಬೆತ್ತವನ್ನು ಮೇಜಿನ ಮೇಲೆ ಅಡ್ಡ ಇಟ್ಟು, ತಲೆ ಕೆರೆದುಕೊಳ್ಳುತ್ತಾ ನಿಂತ. ಸಂಬಳ ಜಾಸ್ತಿ ಕೇಳಲು ಬಂದಿದ್ದಾನೆ ಅಂದುಕೊಂಡು ನಾನೂ ಮುಖ ಗಂಟಿಕ್ಕಿಕೊಂಡು ತಯಾರಾದೆ. ಅದಲ್ಲ. ಮುಂದಿನ ಶನಿವಾರಕ್ಕೆ ಬಿಟ್ಟು, ಮಾರ್ಕೆಟ್ಟಿನಲ್ಲಿ ಮೂಟೆ ಹೊರಲು ಹೋಗುತ್ತಾನಂತೆ.

ನಮ್ಮ ನಾಗಲಿಂಗ ಟಾಕೀಸು ನಿಂತಿರುವುದೇ ಇವನ ಮೇಲೆ. ನೆಲದ ಕ್ಲಾಸಿನ ಟಿಕೆಟ್ಟು ನಾಲ್ಕಾಣೆ. ಅದಕ್ಕೆ ಹೋಗುವ ದಾರಿ ಎರಡು ಕಡೆಯೂ ತಗಡು ಹೊಡೆದ ಇಕ್ಕಟ್ಟಿನ ಓಣಿ. ಓಣಿಯ ಕೊನೆಗೆ ಗೋಡೆಯಲ್ಲಿ ಒಂದು ಕೈ ತೂರುವಷ್ಟು ಟಿಕೆಟ್ ಕಂಡಿ. ಆ ಕಂಡಿಗೆ ಹತ್ತು ಕೈ ಒಟ್ಟಿಗೆ ನುಗ್ಗುತ್ತವೆ. ಹೊಸ ಪಿಕ್ಚರ್ ಬಂದರಂತೂ ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿ, ಮೈಗೆ ಎಣ್ಣೆ ಹಚ್ಚಿಕೊಂಡು, ಮುಂದಿನವರ ತಲೆಯ ಮೇಲೆ ಕಾಲಿಟ್ಟುಕೊಂಡೇ ಬರುತ್ತಾರೆ. ಕಂಡಿಯ ಪಕ್ಕದಲ್ಲಿ ಒಂದು ಹಲಗೆಯ ಮೇಲೆ ಕೆಂಪಯ್ಯ ನಿಂತಿರುತ್ತಾನೆ. ಒಂದಕ್ಕಿಂತ ಹೆಚ್ಚು ಕೈ ಕಂಡಿಗೆ ಬಂದರೆ ಹೆಚ್ಚಿನ ಕೈಗಳ ಮೇಲೆ ಬೆತ್ತ ಬೀಳುತ್ತದೆ. ಇಷ್ಟೇ ಕಾನೂನು. ಒಮ್ಮೆ ಗೇಟಿನ ಸಂದಿಗೆ ಸಿಕ್ಕಿ ಅವನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ ಉಗುರೇ ಹೋಯಿತು. ಅವತ್ತೂ ಎಡಗೈಯಲ್ಲಿ ಬೆತ್ತ ಹಿಡಿದು ಫಸ್ಟ್ ಶೋ ಮುಗಿಸಿಯೇ ಆಸ್ಪತ್ರೆಗೆ ಹೋದ ಆಸಾಮಿ.

ಯಾಕಯ್ಯಾ ಬಿಡುತ್ತೀ ಎಂದು ಕೇಳಿದೆ.

"ಮೊನ್ನೆ ಮುದ್ದೆ ಆರೋಗಿತ್ತು ಅಂತ ಕೆಂಚಿಗೆ ಬಾರಿಸ್ಬುಟ್ಟೆ ಬುದ್ಧಿ. ಮದುವೆಯಾದಾಗ್ನಿಂದ ಒಂದು ದಿನ ಕೈ ಎತ್ತಿದವನಲ್ಲ. ಈ ಕೈಯ ಗೇಟಲ್ಲೇ ಮಡಗ್ಬುಟ್ಟು ಹೋಗಾಕಾಗಕಿಲ್ಲ. ಅದೂ ಜೊತೇಲೇ ಮನೆಗ್ ಬತ್ತದೆ."

ನನಗೆ ನಗು ಬಂತು, ನಕ್ಕೂಬಿಟ್ಟೆ. ಹೆಂಡತಿಗೆ ಹೊಡೆದು ಬೆತ್ತದ ಮೇಲೆ ತಪ್ಪು ಹೊರಿಸುವುದು ಚೆನ್ನಾಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ರಾತ್ರಿ ನನ್ನ ಹೆಂಡತಿ ಪಾರ್ವತಿಗೆ ಹೇಳಿದರೆ ಅವಳು ನಗಲಿಲ್ಲ. ಕೆಂಚಮ್ಮನಿಗೆ ಪೆಟ್ಟು ಜೋರಾಗಿ ಬಿತ್ತೇ ಎಂದು ಕೇಳಿದಳು.

೫ ಸೆಪ್ಟೆಂಬರ್, ಸೋಮವಾರ

ಲಿಂಗಪೂಜೆ ಮುಗಿಸಿ ಸಾಹುಕಾರ ಕರಿಬಸವಯ್ಯನವರ ಮನೆಗೆ ಹೋದೆ. ಟಾಕೀಸು ಅವರದು, ನಾನು ಬರೀ ಮ್ಯಾನೇಜರ್. ವಿಷಯ ಕೇಳಿ ಅವರು ತಾಂಬೂಲ ಉಗುಳಿ ಬಂದು ಸಮಾಧಾನವಾಗಿಯೇ ಹೇಳಿದರು. ದಸರೆಗೆ ದೊಡ್ಡ ಪೌರಾಣಿಕ ಪಿಕ್ಚರ್ ಬರುತ್ತದೆ, ಅಕ್ಟೋಬರ್ ಹದಿನಾಲ್ಕಕ್ಕೆ ರಿಲೀಸು. ಹಳ್ಳಿ ಹಳ್ಳಿಯಿಂದ ಜನ ಬಂದು ಬೀಳುತ್ತಾರೆ. ಅಷ್ಟರೊಳಗೆ ಗೇಟಿಗೆ ಸರಿಯಾದ ಆಳು ಸಿಗಬೇಕು. ಓಣಿಯಲ್ಲಿ ಒಂದು ಹೆಣ ಬಿದ್ದರೆ ಪೊಲೀಸಿನವರು ಟಾಕೀಸಿಗೆ ಬೀಗ ಹಾಕುತ್ತಾರೆ. ಹಾಗಾದರೆ ನಾನೂ ಪಾರ್ವತಿಯೂ ಟಾಕೀಸಿನ ಹಿಂದಿನ ಮನೆ ಖಾಲಿ ಮಾಡಿ ಗಂಟುಮೂಟೆ ಕಟ್ಟಬಹುದು.

ದಾರಿಯುದ್ದಕ್ಕೂ ಯೋಚಿಸಿದೆ. ಬೆತ್ತವಿಲ್ಲದ ಆಳನ್ನೇ ಯಾಕೆ ಇಡಬಾರದು? ನಲವತ್ತೇಳರ ಮೈಸೂರು ಚಲೋದಲ್ಲಿ ಪೊಲೀಸಿನ ಲಾಠಿ ತಿಂದವನು ನಾನು. ಬಲಭುಜದ ಮೇಲೆ ಗಾಯದ ಬರೆ ಇನ್ನೂ ಇದೆ, ಚಳಿ ಬಂದರೆ ಎಳೆಯುತ್ತದೆ. ಅವತ್ತು ಪೆಟ್ಟು ಬೀಳುತ್ತಿದ್ದಾಗ ತಡೆಯಲಿಕ್ಕೂ ನಾನು ಕೈ ಎತ್ತಲಿಲ್ಲ. ನಮ್ಮ ನೆಲದ ಕ್ಲಾಸಿಗೆ ಜನ ಗಾಂಧಿ ಕ್ಲಾಸ್ ಅಂತಲೇ ಕರೆಯುತ್ತಾರೆ, ಅಲ್ಲೇ ದಿನಾ ಹೊಡೆತ. ಇದು ನಾಚಿಕೆಗೇಡು. ಸಮಾಧಾನದ ಮನುಷ್ಯನೊಬ್ಬನನ್ನು ಹುಡುಕಿ ಇದನ್ನು ನಿಲ್ಲಿಸುತ್ತೇನೆ.

೧೨ ಸೆಪ್ಟೆಂಬರ್, ಸೋಮವಾರ

ಕೆಂಪಯ್ಯ ಹೋದ. ಬೆತ್ತ ನನ್ನ ಕೋಣೆಯ ಮೂಲೆಯಲ್ಲಿದೆ.

ಬಂದವರನ್ನೆಲ್ಲಾ ನೋಡಿ ಸಾಕಾಯಿತು. ರಿಟೈರಾದ ಕಾನ್‌ಸ್ಟೇಬಲ್ ಒಬ್ಬ ಬಂದ. ಮೀಸೆ ಭರ್ಜರಿ, ಆದರೆ ಕೂರಲು ಕುರ್ಚಿ ಬೇಕಂತೆ, ಮೇಲೆ ಛತ್ರಿಯೂ ಬೇಕಂತೆ. ವರುಣ ಹಳ್ಳಿಯ ಕಡೆಯಿಂದ ಚಿಕ್ಕಣ್ಣ ಎಂಬ ಆನೆಯಂಥ ಆಳು ಬಂದ. ಎದೆ ನೋಡಿ ಖುಷಿಯಾಗಿ ಒಂದು ಶೋಗೆ ನಿಲ್ಲಿಸಿದೆ. ಅರ್ಧ ಓಣಿ ಅವನ ನೆಂಟರೇ! ಯಾರನ್ನೂ ಇಲ್ಲವೆನ್ನಲಾರದೆ, ಎಲ್ಲರನ್ನೂ ಭಾವ, ಮಾವ ಎಂದು ಒಳಗೆ ಬಿಟ್ಟ. ದೊಡ್ಡ ನಮಸ್ಕಾರ ಹೊಡೆದು ಕಳಿಸಿದೆ.

ಮಠದ ಸ್ವಾಮಿಗಳ ಕಡೆಯಿಂದ ಶಿವಮಲ್ಲಪ್ಪ ಎಂಬುವರು ಬಂದಿದ್ದಾರೆ. ದಾಸೋಹದ ಪಂಕ್ತಿಯಲ್ಲಿ ಸಾವಿರ ಜನರನ್ನು ಕೈಮುಗಿದೇ ಕೂರಿಸಿದವರು. ನನಗೆ ಬೇಕಾದದ್ದು ಇಂಥವರೇ. ಶುಕ್ರವಾರ ಹೊಸ ಪಿಕ್ಚರ್, ಅವತ್ತಿನಿಂದ ಶುರು.

೧೭ ಸೆಪ್ಟೆಂಬರ್, ಶನಿವಾರ

ನಿನ್ನೆಯದನ್ನು ಬರೆಯಲು ಇವತ್ತು ಕೈ ಬರುತ್ತಿದೆ.

ಶಿವಮಲ್ಲಪ್ಪನವರು ಹಲಗೆಯ ಮೇಲೆ ನಿಂತು, ಕೈಮುಗಿದು, ದಯವಿಟ್ಟು ಒಬ್ಬೊಬ್ಬರೇ ಬನ್ನಿ ಎಂದರು. ಮೊದಲ ನಗು ಓಣಿಯ ಬಾಯಿಂದ ಬಂತು. ಆಮೇಲೆ ಜನ ಒಂದೇ ಸಲ ನುಗ್ಗಿದರು. ಹಲಗೆ ಮುರಿಯಿತು. ಅವರನ್ನು ಎತ್ತಿ ತಲೆಗಳ ಮೇಲಿಂದ ಮೂಟೆ ಸಾಗಿಸಿದ ಹಾಗೆ ಸಾಗಿಸಿ ಬೀದಿಗೆ ಎಸೆದರು. ಅವರ ಕತ್ತಿನ ಹತ್ತಿರದ ಮೂಳೆ ಮುರಿದಿದೆ. ತಗಡಿನ ಅಂಚಿಗೆ ಒಬ್ಬನ ಕಿವಿ ಹರಿಯಿತು. ಇನ್ನೊಬ್ಬ ಕೆಳಗೆ ಬಿದ್ದಿದ್ದ, ಅವನ ಕತ್ತಿನ ಮೇಲೆ ಯಾರದೋ ಕಾಲಿತ್ತು, ಮುಖ ನೀಲಿಗಟ್ಟುತ್ತಿತ್ತು. ನಾನು ಕೂಗಿದೆ, ಬೇಡಿಕೊಂಡೆ. ಯಾರೋ ಗುದ್ದಿದರು, ನನ್ನ ಕನ್ನಡಕ ಒಡೆಯಿತು. ಕೋಣೆಗೆ ಓಡಿ ಕೆಂಪಯ್ಯನ ಬೆತ್ತ ತಂದು ತಗಡಿನ ಮೇಲೆ ಬಡಿದೆ. ಗುಂಡು ಹಾರಿದಂಥ ಸದ್ದು. ಜನ ಹಿಂದೆ ಸರಿದರು, ಬಿದ್ದವನನ್ನು ಎಳೆದುಕೊಂಡೆ. ಅವನು ಬದುಕಿದ.

ನಾನು ಹೊಡೆದದ್ದು ತಗಡಿಗೆ ಮಾತ್ರ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ. ಪಾರ್ವತಿ ನನ್ನ ಮುಖಕ್ಕೆ ಅರಿಶಿನ ಹಚ್ಚುವಾಗ ಅಳುತ್ತಿದ್ದಳು. ನನಗೂ ಅಳು ಬಂತು.

೨೪ ಸೆಪ್ಟೆಂಬರ್, ಶನಿವಾರ

ಸಮಾಧಾನದ ಆಳು ಆಗುವುದಿಲ್ಲ ಎಂದು ಒಪ್ಪಿಕೊಂಡೆ. ಕೋಟೆಯ ಕಡೆಯ ಗರಡಿಗೆ ಹೋಗಿ ಕುಸ್ತಿ ಕಲಿಸುವ ವಸ್ತಾದರನ್ನು ಕೇಳಿದೆ. ಅವರು ಲಕ್ಷ್ಮೀನರಸಿಂಹ ಎಂಬ ಪೈಲ್ವಾನನನ್ನು ಕೊಟ್ಟರು. ಒಳ್ಳೆಯ ಮಾತು, ಮಗುವಿನಂಥ ನಗು, ಕುತ್ತಿಗೆ ಮಾತ್ರ ಬೇವಿನ ಬೊಡ್ಡೆ. ಹೊಡೆಯುವುದು ಬೇಡ, ನಿಂತರೇ ಸಾಕು.

ಮನೆಗೆ ಬಂದವರನ್ನು ಬರಮಾಡಿಕೊಳ್ಳುವ ಹಾಗೆ ಇವತ್ತು ಮ್ಯಾಟಿನಿಗೆ ಮುಂಚೆ, ಗೇಟಿನ ಮುಂದೆ, ಜನರೆದುರಿಗೇ ಅವನಿಗೆ ಹಾರ ಹಾಕಿ ವೀಳ್ಯದೆಲೆ ಅಡಿಕೆ ಕೊಟ್ಟೆ. ಅವನ ಮುಖ ಯಾಕೋ ಸಪ್ಪಗಾಯಿತು. ಸಂಕೋಚ ಅಂದುಕೊಂಡೆ. ಜನ ಮಾತ್ರ ಹೋ ಎಂದು ಶಿಳ್ಳೆ ಹೊಡೆದರು.

೨೯ ಸೆಪ್ಟೆಂಬರ್, ಗುರುವಾರ

ನನ್ನಂಥ ದಡ್ಡ ಈ ಮೈಸೂರಿನಲ್ಲಿ ಇನ್ನೊಬ್ಬನಿಲ್ಲ. ಹುಟ್ಟಿದ್ದು ಇಲ್ಲೇ, ನೂರು ಕುಸ್ತಿ ನೋಡಿದ್ದೇನೆ, ಆದರೂ ಹೊಳೆಯಲಿಲ್ಲ. ಪೈಲ್ವಾನನಿಗೆ ಜನರೆದುರು ಹಾರ ಹಾಕಿ ವೀಳ್ಯ ಕೊಟ್ಟರೆ ಅದು ಸ್ವಾಗತವಲ್ಲ, ಸವಾಲು. ಗಂಡಸಾದವನು ಬಂದು ಇವನ ಜೊತೆ ಕುಸ್ತಿ ಹಿಡಿಯಲಿ ಎಂದು ಊರಿಗೆ ಡಂಗುರ ಹೊಡೆದ ಹಾಗೆ. ಮಿಕ್ಕ ಗರಡಿಗಳಿಗೆಲ್ಲಾ ಅವತ್ತು ಸಂಜೆಯೇ ಸುದ್ದಿ ಮುಟ್ಟಿದೆ.

ಭಾನುವಾರ ಇಬ್ಬರು ಬಂದು ಗೇಟಿನ ಮುಂದೆ ತೊಡೆ ತಟ್ಟಿದರು. ಲಕ್ಷ್ಮೀನರಸಿಂಹ ಕೈಮುಗಿದು ಕಳಿಸಿದ. ಮಂಗಳವಾರ ನಾಲ್ವರು ಬಂದು ಅವನ ತಾಯಿಯ ಹೆಸರೆತ್ತಿ ಬೈದರು, ನುಂಗಿಕೊಂಡ. ನಿನ್ನೆ ಬಂದವನು ಮಾತೇ ಆಡಲಿಲ್ಲ. ಟಾಕೀಸಿನ ಮೆಟ್ಟಿಲ ಮೇಲೆ ಇಬ್ಬರೂ ಹಿಡಿದುಕೊಂಡರು. ಗರಡಿಯ ಮಟ್ಟಿಯ ಮೇಲಾದರೆ ಮೆತ್ತಗಿನ ಮಣ್ಣು, ಇದು ಕಲ್ಲುಚಪ್ಪಡಿ. ಲಕ್ಷ್ಮೀನರಸಿಂಹ ಅವನನ್ನು ಎತ್ತಿ ಹಾಕಿದ. ಅವನ ಹಿಂದಲೆ ಮೆಟ್ಟಿಲಿಗೆ ಬಡಿದು ರಕ್ತ ಹರಿಯಿತು. ಆಮೇಲೆ ಅವನ ಕಡೆಯವರು ಐದಾರು ಜನ ಬಿದ್ದು, ಲಕ್ಷ್ಮೀನರಸಿಂಹನ ಕಾಲನ್ನು ಮೆಟ್ಟಿಲಿನ ಮೇಲೆ ಅಡ್ಡ ಇಟ್ಟು ಮೊಣಕಾಲಿನ ಮೇಲೆ ಹಾರಿದರು. ಆ ಸದ್ದು ನನಗೆ ಕೇಳಿಸಿತು. ಸೌದೆ ಮುರಿದ ಸದ್ದು. ಅವನು ಇನ್ನು ಕುಸ್ತಿ ಆಡುವುದಿಲ್ಲ.

ವಸ್ತಾದರು ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ನೋಡಿ ಮುಖ ತಿರುಗಿಸಿದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲಿಲ್ಲ, ಶೋಗೆ ಹೊತ್ತಾಗಿತ್ತು. ಈಗ ಯಾವ ಗರಡಿಯವರೂ ನಮ್ಮ ಗೇಟಿಗೆ ಆಳು ಕೊಡುವುದಿಲ್ಲ.

೧ ಅಕ್ಟೋಬರ್, ಶನಿವಾರ

ಯಾರೂ ಇಲ್ಲದಿದ್ದರೆ ನಾನೇ ನಿಲ್ಲಬೇಕು. ಆಳು ಸಿಗುವವರೆಗೆ ಮಾತ್ರ.

ಹೊಸ ಹಲಗೆ ಹಾಕಿಸಿ ನಿಂತೆ. ಮೊದಲ ಏಟು ತಗಡಿಗೆ. ಎರಡನೆಯದೂ ತಗಡಿಗೆ. ಮೂರನೆಯ ಸಲಕ್ಕೆ ತಗಡಿನ ಸದ್ದಿಗೆ ಯಾರೂ ಹೆದರಲಿಲ್ಲ. ಏನಯ್ಯನೋರೇ ತಗಡಿನ ಮೇಲೆ ಕ್ವಾಪವಾ ಎಂದು ಒಬ್ಬ ನಕ್ಕ. ನಾಲ್ಕನೆಯದು ಒಂದು ಕೈಗೆ ಬಿತ್ತು. ಕಪ್ಪಗಿನ, ಮಣ್ಣು ಮೆತ್ತಿದ, ಯಾರೋ ಗಾರೆ ಕೆಲಸದವನ ಕೈ. ಅದು ಕಂಡಿಯಿಂದ ಸರಕ್ಕನೆ ಹಿಂದಕ್ಕೆ ಹೋಯಿತು. ಓಣಿ ನೆಟ್ಟಗಾಯಿತು.

ಊಟ ಸೇರಲಿಲ್ಲ. ರಾತ್ರಿ ಪೂಜೆಗೆ ಕೂತರೆ ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಹೂವು. ಹೂವು ಜಾರಿ ನೆಲಕ್ಕೆ ಬಿತ್ತು. ಬಹಳ ಸಂಕಟವಾಯಿತು. ಆ ಗಾರೆಯವನು ನಾಳೆ ಕೆಲಸ ಹೇಗೆ ಮಾಡುತ್ತಾನೋ.

೫ ಅಕ್ಟೋಬರ್, ಬುಧವಾರ

ಇದಕ್ಕೂ ಒಂದು ಪಟ್ಟು ಇದೆ. ಅಂಗೈ ಕಡೆ ಹೊಡೆದರೆ ಉಪಯೋಗವಿಲ್ಲ, ಅವರು ಬೆತ್ತವನ್ನೇ ಹಿಡಿದು ಎಳೆಯುತ್ತಾರೆ. ಬೆರಳ ಗೆಣ್ಣಿನ ಮೇಲೆ ಬೀಳಬೇಕು. ತೋಳಿನಿಂದ ಹೊಡೆಯಬಾರದು, ಮಣಿಕಟ್ಟಿನಿಂದ. ಮೂರು ದಿನದಲ್ಲಿ ಕೈ ಕುದುರಿದೆ. ತಲೆಗಳ ಮೇಲೆ ನಡೆದು ಬಂದ ಒಬ್ಬನ ಕಣಕಾಲಿಗೆ ಬಿಟ್ಟೆ, ಹಣ್ಣು ಉದುರಿದ ಹಾಗೆ ಉದುರಿದ. ಜನ ಚಪ್ಪಾಳೆ ತಟ್ಟಿದರು! ಅವರಿಗೇ ಇದು ಬೇಕು. ದಂಡಂ ದಶಗುಣಂ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಭುಜದ ಹಳೆಯ ನೋವು ಈಚೆಗೆ ಇಲ್ಲವೇ ಇಲ್ಲ. ಕೈ ಆಡಿದ್ದಕ್ಕೆ ರಕ್ತ ಸಲೀಸಾಗಿ ಓಡುತ್ತಿರಬೇಕು. ಊಟ ಚೆನ್ನಾಗಿ ಸೇರುತ್ತಿದೆ.

ಆಳು ಹುಡುಕಬೇಕು. ಇಬ್ಬರು ಬಂದಿದ್ದರು, ಕಣ್ಣಲ್ಲಿ ದಮ್ಮಿಲ್ಲ. ಕಳಿಸಿಬಿಟ್ಟೆ.

೯ ಅಕ್ಟೋಬರ್, ಭಾನುವಾರ

ಮೂರು ಶೋ. ಸಾಕಾಗಿ ಮನೆಗೆ ಬಂದರೆ ಸಾರಿನಲ್ಲಿ ಉಪ್ಪೋ ಉಪ್ಪು. ಲೋಟ ಎಸೆದೆ. ಅದು ಪಾರ್ವತಿಯ ಹುಬ್ಬಿಗೆ ತಗುಲಿತು. ತಗುಲಲಿ ಎಂದು ಎಸೆದದ್ದಲ್ಲ. ಅವಳು ಆ ಕಡೆ ತಿರುಗದಿದ್ದರೆ ಗೋಡೆಗೇ ಬೀಳುತ್ತಿತ್ತು. ಸ್ವಲ್ಪ ರಕ್ತ, ಅಷ್ಟೇ.

ಪೂಜೆಗೆ ಈ ವಾರ ಹೊತ್ತು ಸಿಗಲಿಲ್ಲ.

೧೪ ಅಕ್ಟೋಬರ್, ಶುಕ್ರವಾರ

ರಿಲೀಸು. ಬೆಳಗಿನಿಂದಲೇ ಜನ ಜನ ಜನ. ಎತ್ತಿನ ಗಾಡಿಗಳು ಸರ್ಕಲ್ಲಿನವರೆಗೆ. ಓಣಿಯ ತಗಡು ಹೊಟ್ಟೆ ಉಬ್ಬಿ ಬಂತು, ಆದರೆ ಒಡೆಯಲಿಲ್ಲ. ನಾನಿದ್ದೆ. ಎಷ್ಟು ಕೈಗೆ ಹೊಡೆದೆನೋ ಶಿವನೇ ಬಲ್ಲ. ಒಬ್ಬ ಚಾಕು ತೆಗೆದ. ಅವನ ಮುಖದ ಮೇಲೆ ಅಡ್ಡಡ್ಡ ಎರಡು ಬಿಟ್ಟೆ, ತುಟಿ ಸೀಳಿತು, ಹಲ್ಲು ಕಂಡವು. ಚಾಕು ಬಿಟ್ಟು ಕೂತುಬಿಟ್ಟ. ಕೂತವನಿಗೂ ಒಂದು ಬಿಟ್ಟೆ. ಬೆತ್ತದ ತುದಿ ಸೀಳಿತು, ತಂತಿ ಸುತ್ತಿಸಿದ್ದೇನೆ. ತಂತಿ ಸುತ್ತಿದ್ದು ಇನ್ನೂ ಒಳ್ಳೆಯದೇ ಆಯಿತು.

ಓಣಿಯಲ್ಲಿ ಒಂದೇ ಒಂದು ಜೀವ ಹೋಗಲಿಲ್ಲ. ಸಾಹುಕಾರರು ಎಲ್ಲರೆದುರಿಗೆ ನನ್ನ ಬಲಭುಜ ತಟ್ಟಿದರು. ಲಾಠಿ ಬಿದ್ದಿತ್ತಲ್ಲ, ಅದೇ ಜಾಗ. ನೋಯಲಿಲ್ಲ. ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

೧೬ ಅಕ್ಟೋಬರ್, ಭಾನುವಾರ

ನವರಾತ್ರಿ ಶುರು. ಪಾರ್ವತಿ ಹೋಳಿಗೆ ಮಾಡಿದ್ದಳು. ತುಪ್ಪದ ಬಟ್ಟಲಿಗೆ ನಾನು ಕೈ ಚಾಚಿದೆ, ಬಡಿಸಲೆಂದು ಅವಳೂ ಚಾಚಿದಳು. ಒಂದು ಬಟ್ಟಲಿಗೆ ಎರಡು ಕೈ. ಪಕ್ಕದಲ್ಲಿ ಸೌಟಿತ್ತು. ನನ್ನ ಕೈ ತಾನಾಗಿ ಹೋಯಿತು, ಗೆಣ್ಣಿನ ಮೇಲೇ ಬಿತ್ತು. ಬಳೆ ಒಡೆದವು. ಹೊಸದು ತಂದುಕೊಟ್ಟರಾಯಿತು.

ಅವಳು ಚೂರುಗಳನ್ನು ಆರಿಸಿಕೊಂಡು ಎದ್ದು ನಿಂತಳು.

"ನೀವು ಬೈದ್ರೆ ತಡ್ಕೋತಿದ್ದೆ ಕಣ್ರೀ. ನೀವು ನನ್ನ ಮುಖಾನೇ ನೋಡ್ಲಿಲ್ಲ. ಕೈ ನೋಡಿ ಹೊಡೆದ್ರಿ."

ಇದರ ಅರ್ಥವೇನೋ. ಹಬ್ಬದ ದಿನ ಹೆಂಗಸರ ಮಾತಿಗೆ ಕೂತರೆ ಮ್ಯಾಟಿನಿ ಕಾಯುವವರು ಯಾರು?

೧೮ ಅಕ್ಟೋಬರ್, ಮಂಗಳವಾರ

ಪಾರ್ವತಿ ಚಾಮರಾಜಪುರಂನ ಅಣ್ಣನ ಮನೆಗೆ ಹೋಗಿದ್ದಾಳೆ. ಗೊಂಬೆ ಕೂರಿಸಿದ್ದಾರಂತೆ, ಎರಡು ದಿನ ಇದ್ದು ಬರುತ್ತಾಳಂತೆ. ಟ್ರಂಕು ತೆಗೆದುಕೊಂಡು ಹೋಗಿದ್ದಾಳೆ. ನಾನು ಹೋಟೆಲಿನಲ್ಲಿ ಊಟ ಮಾಡುತ್ತಿದ್ದೇನೆ. ಕೈಯಲ್ಲಿ ಬೆತ್ತ ಕಂಡರೆ ಅಲ್ಲಿ ಬೇಗ ಬಡಿಸುತ್ತಾರೆ.

೨೩ ಅಕ್ಟೋಬರ್, ಭಾನುವಾರ

ಹೌಸ್‌ಫುಲ್. ಸಾಹುಕಾರರು ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು. ಗೇಟಿಗೆ ಇನ್ನು ಆಳು ಹುಡುಕುವುದು ಬೇಡವಂತೆ. ಮ್ಯಾನೇಜರ್ ಕೆಲಸಕ್ಕಾದರೆ ಬಿ.ಎ. ಪಾಸಾದವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಸಂಬಳ ಈಗಿರುವುದೇ ಇರಲಿ, ನೀವು ಗೇಟಿಗೇ ನಿಂತುಬಿಡಿ ಅಂದರು. ಹಿಂದಾಗಿದ್ದರೆ ನನಗೆ ಅವಮಾನವಾಗುತ್ತಿತ್ತೋ ಏನೋ. ಆಗಲಿ ಅಂದೆ. ಕೋಣೆಯಲ್ಲಿ ಕೂತು ಟಿಕೆಟ್ಟಿನ ಲೆಕ್ಕ ನೋಡುವುದು ಯಾರಿಗೆ ಬೇಕು?

೨೬ ಅಕ್ಟೋಬರ್, ಬುಧವಾರ, ವಿಜಯದಶಮಿ

ಜಂಬೂಸವಾರಿ ನೋಡಲು ಬಂದ ಜನವೆಲ್ಲಾ ಅದು ಮುಗಿದದ್ದೇ ನಮ್ಮ ಕಡೆಗೆ ಹರಿಯಿತು. ಓಣಿಯೊಳಗೆ ಉಸಿರಾಡಲೂ ಜಾಗವಿಲ್ಲ. ಕಂಡಿಗೆ ಮೂರು ಕೈ ಬಂದವು. ಒಂದನ್ನು ಬಿಟ್ಟು ಎರಡಕ್ಕೆ ಹೊಡೆದೆ. ಒಂದು ಹಿಂದಕ್ಕೆ ಹೋಯಿತು. ಇನ್ನೊಂದು ಅಲ್ಲಾಡಲಿಲ್ಲ. ಇನ್ನೂ ಎರಡು ಬಿಟ್ಟೆ, ತಂತಿ ತಗುಲಿ ಚರ್ಮ ಎದ್ದು ಬಂತು. ಆಗಲೂ ಅಲ್ಲಾಡಲಿಲ್ಲ. ಇವನ್ಯಾವನಪ್ಪಾ ಎಂದು ಸಿಟ್ಟು ನೆತ್ತಿಗೇರಿ ನಾಲ್ಕನೆಯದಕ್ಕೆ ಬೆತ್ತ ಎತ್ತಿದಾಗ ಹೆಬ್ಬೆರಳು ಕಂಡಿತು. ಚಪ್ಪಟೆ ಹೆಬ್ಬೆರಳು, ಉಗುರಿಲ್ಲ.

ಕೆಂಪಯ್ಯ. ಸಾಲಿನಲ್ಲಿ ಎಲ್ಲರ ಹಾಗೆ ನಿಂತು ಬಂದಿದ್ದಾನೆ. ಕೆಂಚಮ್ಮನಿಗೆ ಪಿಕ್ಚರ್ ತೋರಿಸಲು ಕರೆತಂದಿದ್ದಾನೆ. ಅವಳು ಹೆಂಗಸರ ಕಡೆ ಕಾಯುತ್ತಿದ್ದಳು. ಅವಳ ತಲೆ ತುಂಬಾ ಕನಕಾಂಬರ.

ಶೋ ಶುರುವಾದ ಮೇಲೆ ಅವನನ್ನು ಕೋಣೆಗೆ ಕರೆದು ನೀರು ಕೊಟ್ಟೆ. ಹೇಳಬಾರದಿತ್ತೇನಯ್ಯಾ, ನೀನು ಅಂತ ಗೊತ್ತಿದ್ದರೆ ಹೊಡೆಯುತ್ತಿದ್ದೆನೇ ಎಂದು ಗದರಿದೆ. ಅವನು ಕೈಯ ರಕ್ತವನ್ನು ಪಂಚೆಯಲ್ಲಿ ಒತ್ತಿಕೊಂಡು ಮೂಲೆಯಲ್ಲಿದ್ದ ಬೆತ್ತವನ್ನೂ ಅದರ ತಂತಿಯನ್ನೂ ನೋಡಿದ. ಅವನ ಕಾಲದಲ್ಲಿ ತಂತಿ ಇರಲಿಲ್ಲ.

"ಯಾರೋ ಹೊಸಬ ಭಾರಿ ಆಳಂತೆ ಅಂತ ಮಾರ್ಕೆಟ್ಟಲ್ಲೆಲ್ಲಾ ಮಾತು. ಯಾರಪ್ಪಾ ಅದು, ನೋಡವಾ ಅಂತ ನಾನೇ ಮುಂದಕ್ಕೆ ಕೈ ಹಾಕ್ದೆ," ಅಂದ. "ನನ್ನ ಜಾಗಕ್ಕೆ ಸರಿಯಾದ ಆಳೇ ಸಿಕ್ತು ಬುಡಿ ಬುದ್ಧಿ."

ಹೊಗಳಿಕೆ ಅಂದುಕೊಂಡು ನಾನು ನಕ್ಕೆ. ಅವನು ನಗಲಿಲ್ಲ. ನನ್ನ ಬಲಗೈಯನ್ನೇ ನೋಡುತ್ತಾ ಕೇಳಿದ:

"ಅಮ್ಮಾವ್ರು ಮನೇಲವ್ರಾ?"

ಅಣ್ಣನ ಮನೆಗೆ ಹೋಗಿದ್ದಾಳೆ, ಗೊಂಬೆ ನೋಡಲು, ಎರಡು ದಿನ ಅಂತ ಹೋದವಳು ಎಂಟು ದಿನವಾಯಿತು ಎಂದೆ. ಅವನು ಪಿಕ್ಚರನ್ನೂ ನೋಡಲಿಲ್ಲ, ಕೆಂಚಮ್ಮನನ್ನು ಕರೆದುಕೊಂಡು ಹೊರಟುಹೋದ. ಹಬ್ಬದ ದಿನ ಎಂಥ ಮನುಷ್ಯ.

ಅವನು ಹೋದ ಮೇಲೆ ಯಾಕೋ ಮನೆ ಭಣಭಣ ಅನ್ನಿಸಿತು. ಒಲೆ ಹೊತ್ತಿಸಿ ಎಷ್ಟು ದಿನವಾಯಿತು. ನಾಳೆ ಬೆಳಿಗ್ಗೆ ಚಾಮರಾಜಪುರಂಗೆ ಹೋಗಿ ಪಾರ್ವತಿಯನ್ನು ಕರೆದುಕೊಂಡು ಬರಬೇಕು. ದಾರಿಯಲ್ಲಿ ಬಳೆ ಕೊಳ್ಳಬೇಕು. ಬೆತ್ತವನ್ನು ಇಲ್ಲೇ ಬಿಟ್ಟು ಹೋಗಬೇಕು. ಮರೆತುಬಿಟ್ಟೇನು ಎಂದು ಈಗಲೇ ಬರೆದಿಟ್ಟಿದ್ದೇನೆ.